ಅಟ್ಟದ ಮೇಲೆ ಕೂತವರು

ಹೋದ ಮುಂಗಾರಿನಲ್ಲಿ ಹಲಗೇರಿಗೆ ಹೋದಾಗ ನನ್ನ ತಮ್ಮ ನನಗೆ ಚಹಾ ಕುಡಿಯುವಷ್ಟೂ ಪುರುಸೊತ್ತು ಕೊಡದೆ ಹೊಲಕ್ಕೆ ಎಳೆದುಕೊಂಡು ಹೋದ. ಗೋವಿನಜೋಳ ಮೊಣಕಾಲುದ್ದ ಬಂದಿತ್ತು. ಹೊಲದ ನಟ್ಟನಡುವೆ ನಾಲ್ಕು ಕಬ್ಬಿಣದ ಕಂಬಗಳ ಮೇಲೆ ತಗಡಿನದೊಂದು ಗೂಡು ನಿಂತಿತ್ತು. "ಅಕ್ಕಾ, ಮ್ಯಾಲ ಹತ್ತಿ ನೋಡ" ಅಂದ. ಸೀರೆಯ ನೆರಿಗೆ ಎತ್ತಿ ಹಿಡಿದು ಹೇಗೋ ಹತ್ತಿದೆ. ಒಳಗೆ ಹಲಗೆಯ ಮಂಚ, ಅದರ ಮೇಲೆ ಗಾದಿ, ಒಂದು ಸಣ್ಣ ಫ್ಯಾನು, ಬಲ್ಬು, ಮೊಬೈಲು ಚಾರ್ಜು ಮಾಡಿಕೊಳ್ಳುವ ಪಿನ್ನು, ಮೂಲೆಯಲ್ಲಿ ಬ್ಯಾಟರಿ. ತಗಡಿನ ನೆತ್ತಿಯ ಮೇಲೆ ಸೋಲಾರ್ ಫಲಕ. "ಇಲ್ಲಿ ಕುಂತ್ರ ನಮ್ಮ ಮನಿ ಪಡಸಾಲಿಗಿಂತ ಛಲೋ ಅನಸ್ತೈತಿ" ಎಂದು ಅವನು ಹೆಮ್ಮೆಯಿಂದ ಹೇಳಿದ. ಸುಳ್ಳೇನೂ ಅಲ್ಲ.

ಅದೇ ವಾರ ಅಮೆರಿಕದ ಟೆಕ್ಸಾಸಿನಲ್ಲಿರುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಒಂದು ಫೋಟೋ ಕಳಿಸಿದ. ಅವನ ಜೊತೆ ಕೆಲಸ ಮಾಡುವವರೊಬ್ಬರ ಜಮೀನಿನಲ್ಲಿ ಜಿಂಕೆ ಬೇಟೆಗೆಂದು ಕಟ್ಟಿದ ಗೂಡು. ಅಲ್ಲೂ ನಾಲ್ಕು ಕಂಬ, ಮೇಲೆ ಒಂದು ಪೆಟ್ಟಿಗೆಯಂಥ ಕೋಣೆ, ಅದರ ನೆತ್ತಿಗೆ ಸೋಲಾರ್ ಫಲಕ, ಒಳಗೆ ಬ್ಯಾಟರಿ, ಫ್ಯಾನು, ಮೆತ್ತೆಯ ಕುರ್ಚಿ, ಚಳಿಗೆ ಕಾಯಿಸಿಕೊಳ್ಳುವ ಒಲೆ, ಕಾಫಿ ಇಡಲು ಹಲಗೆ. ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ಆದರೆ ಒಂದು ವ್ಯತ್ಯಾಸ. ಆ ಗೂಡಿನ ಮುಂದೆ ಸ್ವಲ್ಪ ದೂರದಲ್ಲಿ ಮೂರು ಕಾಲಿನ ಮೇಲೆ ಒಂದು ಡಬ್ಬಿ ನಿಂತಿತ್ತು. ಅದು ಹೊತ್ತಿಗೆ ಸರಿಯಾಗಿ, ಬ್ಯಾಟರಿಯ ಬಲದಿಂದ ತಿರುಗಿ, ಸುತ್ತಲೂ ಕಾಳು ಚೆಲ್ಲುತ್ತದಂತೆ. ಯಾವ ಕಾಳು? ಗೋವಿನಜೋಳ! ಜಿಂಕೆ ಬಂದು ತಿನ್ನಲಿ, ತಿನ್ನುವಾಗ ಹೊಡೆಯೋಣ ಎಂದು. ಟೆಕ್ಸಾಸಿನಲ್ಲಿ ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಅಮೆರಿಕದ ಬೇರೆ ಕೆಲವು ರಾಜ್ಯಗಳಲ್ಲಿ ಇದೆ.

ಅಲ್ಲಿ ಗೋವಿನಜೋಳ ಚೆಲ್ಲಿ ಜಿಂಕೆಯನ್ನು ಕರೆಯಲು ಅಟ್ಟ. ಇಲ್ಲಿ ಡಬ್ಬಿ ಬಡಿದು ಚಿಗರಿಯನ್ನು ಗೋವಿನಜೋಳದಿಂದ ಓಡಿಸಲು ಅಟ್ಟ. ನನಗೆ ನಗು ಬಂತು. ನಗು ಮುಗಿದ ಮೇಲೆ, ಇಷ್ಟು ವರ್ಷ ನಾನು ಇಷ್ಟಪಟ್ಟು ಓದಿಕೊಂಡು ಬಂದ ಶಿಕಾರಿ ಕಥೆಗಳೆಲ್ಲ ಒಂದೊಂದಾಗಿ ನೆನಪಾದವು. ಅವುಗಳಲ್ಲಿ ಅಟ್ಟದ ಮೇಲೆ ಕೂತವರು ಯಾರು, ಅಟ್ಟದ ಕೆಳಗೆ ನಿಂತವರು ಯಾರು ಎಂದು ಒಮ್ಮೆಯಾದರೂ ಲೆಕ್ಕ ಹಾಕಿದ್ದೆನೇ? ಈ ಬರಹ ಆ ಲೆಕ್ಕ.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ಮಧ್ಯಾಹ್ನದ ಹೊತ್ತು ನನ್ನದಾಯಿತು. ಗ್ರಂಥಾಲಯದಿಂದ ತಂದು ಓದಿದ ಪುಸ್ತಕಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನನಿಂದ ಕನ್ನಡಕ್ಕೆ ತಂದ ಕಾಡಿನ ಕಥೆಗಳೂ ಇದ್ದವು: ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಅನ್ನಕ್ಕೆ ನೀರಿಟ್ಟು ಓದಲು ಕೂತರೆ ತಳ ಹತ್ತಿದ ವಾಸನೆ ಬಂದಾಗಲೇ ಎಚ್ಚರ. ನೀವೂ ಹೀಗೆ ಅನ್ನ ಸೀಯಿಸಿರಬಹುದು. ಆ ಕನ್ನಡದಲ್ಲಿ ಕಾಡು ಪಕ್ಕದ ಓಣಿಯ ಹಾಗೆ ಹತ್ತಿರ ಬರುತ್ತದೆ. ಆಂಗ್ಲೋ ಇಂಡಿಯನ್ ದೊರೆಯೊಬ್ಬನ ಕಥೆ ಎಂಬುದೇ ಮರೆತುಹೋಗಿ, ನಮ್ಮ ಕಡೆಯ ಯಾರೋ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಅದು ತೇಜಸ್ವಿಯವರ ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯಲು ನಾನು ಈ ಮಾತು ಎತ್ತುತ್ತಿಲ್ಲ.

ಈ ಕಥೆಗಳ ಜೀವ ಇರುವುದು ಗುಂಡಿನಲ್ಲಲ್ಲ, ಕಾಯುವುದರಲ್ಲಿ. ಗುಂಡು ಹಾರುವುದು ಒಂದು ಕ್ಷಣ, ಕಾಯುವುದು ಇಡೀ ರಾತ್ರಿ. ಮರದ ಮೇಲೆ ಮಚಾನು ಕಟ್ಟುತ್ತಾರೆ. ಎಷ್ಟೋ ಸಲ ಅದು ಹಳ್ಳಿಯವರ ಮನೆಯ ಮಂಚವನ್ನೇ ತಂದು ಕೊಂಬೆಗೆ ಬಿಗಿದದ್ದು. ‘ಮಚಾನು’ ಎಂಬ ಮಾತೇ ನಮ್ಮ ‘ಮಂಚ’ದ ಒಡಹುಟ್ಟು; ಹೊಲದ ಅಟ್ಟಕ್ಕೆ ಕನ್ನಡದಲ್ಲಿ ‘ಮಂಚಿಕೆ’ ಎಂಬ ಹಳೆಯ ಹೆಸರೂ ಇದೆ. ಅಂದರೆ ಮಲಗುವ ಸುಖ ಎಂಬುದು ಈ ಸಲಕರಣೆಯ ಹೆಸರಿನಲ್ಲಿಯೇ ಇದೆ. ಸಂಜೆಗೆ ಮುಂಚೆ ಬೇಟೆಗಾರ ಹತ್ತುತ್ತಾನೆ. ಜೊತೆಗೆ ಕೋವಿ, ಕೋವಿಗೆ ಕಟ್ಟಿದ ಟಾರ್ಚು, ಕಂಬಳಿ, ಫ್ಲಾಸ್ಕಿನಲ್ಲಿ ಚಹಾ, ಕಟ್ಟಿಕೊಂಡ ತಿನಿಸು. ಆಂಡರ್ಸನ್ ಇವುಗಳನ್ನು ಪ್ರೀತಿಯಿಂದ ಹೇಳುತ್ತಾನೆ. ಓದುವವರಿಗೂ ಅದೊಂದು ಸುಖ. ಹೊರಗೆ ಕತ್ತಲು, ನರಭಕ್ಷಕ. ಒಳಗೆ ಬಿಸಿ ಚಹಾ. ಹೊರಗೆ ಮಳೆ ಹೊಯ್ಯುವಾಗ ಮನೆಯೊಳಗೆ ಮೆಣಸಿನಕಾಯಿ ಬಜ್ಜಿ ತಿಂದ ಸುಖದ ಜಾತಿಯದೇ ಇದು.

ಆದರೆ ಅಡಿಗೆಮನೆಯಿಂದ ಓದುವವಳಿಗೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಆ ಮಂಚ ಕೊಟ್ಟ ಮನೆಯವರು ಆ ರಾತ್ರಿ ಎಲ್ಲಿ ಮಲಗಿದರು? ಆ ಮನೆಯಲ್ಲಿ ಬಾಣಂತಿ ಇದ್ದಳೋ, ಮುದುಕಿ ಇದ್ದಳೋ? ಕಥೆಯ ಬೆಳಕು ಟಾರ್ಚಿನ ಬೆಳಕಿನ ಹಾಗೆ. ಕೋವಿ ಯಾವ ಕಡೆಗೋ ಬೆಳಕೂ ಅದೇ ಕಡೆಗೆ. ಕೆಳಗೆ ಕಟ್ಟಿಹಾಕಿದ ಮೇಕೆ ಬೆಳಕಿಗೆ ಬರುತ್ತದೆ, ಹುಲಿ ಬರುತ್ತದೆ. ಮಂಚ ಕೊಟ್ಟವಳು ಬರುವುದಿಲ್ಲ.

ಜಿಮ್ ಕಾರ್ಬೆಟ್ ಈ ಮಾತಿಗೆ ಸ್ವಲ್ಪ ಹೊರತು. ಅವನ ಪುಸ್ತಕಗಳಲ್ಲಿ ಹುಲ್ಲು ಕೊಯ್ಯುವ ಹೆಂಗಸರು ಮತ್ತೆ ಮತ್ತೆ ಬರುತ್ತಾರೆ, ಏಕೆಂದರೆ ಕುಮಾವೂಂ ಬೆಟ್ಟಗಳಲ್ಲಿ ನರಭಕ್ಷಕಗಳಿಗೆ ಸಿಕ್ಕವರಲ್ಲಿ ಅವರೇ ಬಹಳ. 1907ರಲ್ಲಿ ಅವನು ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ತಿಂದಿತ್ತು ಎನ್ನುತ್ತಾರೆ. ಆ ಕಥೆಯಲ್ಲಿ ಒಬ್ಬ ಮೂಕ ಹೆಂಗಸು ಬರುತ್ತಾಳೆ. ಹುಟ್ಟು ಮೂಕಿಯಲ್ಲ. ಅಕ್ಕತಂಗಿ ಇಬ್ಬರೂ ಹುಲ್ಲು ಕೊಯ್ಯುತ್ತಿದ್ದಾಗ ಹುಲಿ ಅಕ್ಕನನ್ನು ಎತ್ತಿಕೊಂಡು ಹೋಯಿತು. ತಂಗಿ ಕುಡುಗೋಲು ಹಿಡಿದು ಹುಲಿಯ ಬೆನ್ನು ಹತ್ತಿದಳು, ಅಕ್ಕನನ್ನು ಬಿಟ್ಟು ನನ್ನನ್ನು ಒಯ್ಯಿ ಎಂದು ಕೂಗುತ್ತ. ಹುಲಿ ತಿರುಗಿ ಮೇಲೆ ಬಂದಾಗ ಓಡಿ ಊರು ಸೇರಿದಳು. ಹೇಳಲು ಬಾಯಿ ತೆರೆದರೆ ಮಾತು ಹೋಗಿತ್ತು. ಕಾರ್ಬೆಟ್ ಹುಲಿಯನ್ನು ಕೊಂದು, ಹಿಂದಿರುಗುವ ದಾರಿಯಲ್ಲಿ ಚರ್ಮವನ್ನು ಅವಳ ಮುಂದೆ ಹಾಸಿದ. ಆಗ ಅವಳಿಗೆ ಮಾತು ಬಂತು.

ಎಷ್ಟು ಸಲ ಓದಿದರೂ ಇಲ್ಲಿ ನನ್ನ ಕಣ್ಣು ತುಂಬುತ್ತದೆ. ಆದರೂ ಕೇಳಬೇಕಾದ ಮಾತು ಕೇಳಬೇಕು. ಇಡೀ ಪುಸ್ತಕದಲ್ಲಿ ಮಚಾನಿಲ್ಲದೆ, ಕೋವಿಯಿಲ್ಲದೆ, ಬರೀ ಕುಡುಗೋಲು ಹಿಡಿದು ನರಭಕ್ಷಕದ ಹಿಂದೆ ಓಡಿದವಳು ಇವಳೊಬ್ಬಳೇ. ಅವಳಿಗೆ ಕಥೆಯಲ್ಲಿ ಸಿಕ್ಕಿದ್ದು ಒಂದೆರಡು ಪುಟ, ಹೆಸರೂ ಸಿಗಲಿಲ್ಲ. ಮಾತು ಮರಳಿ ಬಂದ ಮೇಲೆ ಅವಳು ಮೊದಲು ಮಾಡಿದ್ದು ಊರವರನ್ನು ಕೂಗಿ ಕರೆದದ್ದು. ಆಮೇಲೆ ಆಡಿದ್ದು ಏನು? ಆ ಹೊತ್ತಿಗೆ ಕಥೆ ಬೇರೆ ಹುಲಿಯ ಕಡೆಗೆ ಹೊರಟುಹೋಗಿರುತ್ತದೆ. ಕಾರ್ಬೆಟ್ಟನ ಸ್ವಂತ ಮನೆಯ ವಿಷಯವೂ ಹಾಗೆಯೇ. ಅವನು ಮದುವೆಯಾಗಲಿಲ್ಲ. ಅಕ್ಕ ಮ್ಯಾಗಿ ಬದುಕಿನುದ್ದಕ್ಕೂ ಅವನ ಮನೆ ನೋಡಿಕೊಂಡಳು. 1947ರಲ್ಲಿ ಅವನು ಕೀನ್ಯಾಕ್ಕೆ ಹೊರಟಾಗ ಜೊತೆಗೇ ಹೊರಟಳು. ತಮ್ಮ ಮರದ ಮೇಲೆ ಕೂತ ರಾತ್ರಿಗಳಲ್ಲಿ ಮನೆಯಲ್ಲಿ ಅವಳು ಹೇಗೆ ನಿದ್ದೆ ಮಾಡಿರಬಹುದು? ಮಚಾನಿನ ಕಾಯುವಿಕೆಯನ್ನು ಅಷ್ಟು ಚೆನ್ನಾಗಿ ಬರೆದ ಸಾಹಿತ್ಯ, ಮನೆಯೊಳಗಿನ ಕಾಯುವಿಕೆಯನ್ನು ಕಾಯುವಿಕೆಯೆಂದೇ ಎಣಿಸಲಿಲ್ಲ.

ಹೆಂಗಸೊಬ್ಬಳು ಅಂಥ ಅಟ್ಟವನ್ನು ಹತ್ತಿದ್ದು ಜಗತ್ತಿಗೆಲ್ಲ ಸುದ್ದಿಯಾದದ್ದೂ ಕಾರ್ಬೆಟ್ ಇದ್ದ ಕಡೆಯೇ. ಕೀನ್ಯಾದಲ್ಲಿ ಒಂದು ದೊಡ್ಡ ಅತ್ತಿಜಾತಿಯ ಮರದ ಮೇಲೆ ‘ಟ್ರೀಟಾಪ್ಸ್’ ಎಂಬ ತಂಗುಮನೆಯನ್ನು 1932ರಲ್ಲಿ ಕಟ್ಟಿದ್ದರು. ಕೊಲ್ಲಲಿಕ್ಕಲ್ಲ, ರಾತ್ರಿ ನೀರಿಗೆ ಬರುವ ಪ್ರಾಣಿಗಳನ್ನು ನೋಡಲಿಕ್ಕೆ. 1952ರ ಫೆಬ್ರವರಿ 5ರಂದು ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಅಲ್ಲಿ ತಂಗಿದಳು. ಆ ರಾತ್ರಿ ಅತ್ತ ಅವಳ ತಂದೆ ತೀರಿಕೊಂಡ. ಇತ್ತ ಅವಳು ತನಗೇ ತಿಳಿಯದಂತೆ ರಾಣಿಯಾಗಿದ್ದಳು. ಮುದುಕ ಕಾರ್ಬೆಟ್ ಅಂದು ಅವಳ ಕಾವಲಿಗಿದ್ದ. ಎರಡು ವರ್ಷದಲ್ಲಿ, 1954ರಲ್ಲಿ, ಮಾವೂ ಮಾವೂ ದಂಗೆಯವರು ಆ ಅಟ್ಟವನ್ನು ಸುಟ್ಟುಹಾಕಿದರು. ತಮ್ಮ ನೆಲದಲ್ಲಿ ಪರರು ಗಾದಿ ಹಾಸಿಕೊಂಡು ಕೂತು ತಮ್ಮ ಕಾಡನ್ನು ನೋಡುವುದು ಅವರಿಗೆ ಹೇಗೆ ಕಂಡಿತೆಂದು ಆ ಬೆಂಕಿಯೇ ಹೇಳುತ್ತದೆ. ಸುಖಾಸನ ಎಷ್ಟೇ ಸಾಧುವಾಗಿ ಕಂಡರೂ ಅದರ ಕಾಲುಗಳು ಯಾರದೋ ನೆಲದಲ್ಲಿ ಊರಿರುತ್ತವೆ.

ನಮ್ಮ ಕಾವ್ಯ ಪುರಾಣಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹಳಗನ್ನಡದಲ್ಲಿ ‘ಬೇಟ’ ಎಂದರೆ ಪ್ರೇಮ, ‘ಬೇಂಟೆ’ ಎಂದರೆ ಶಿಕಾರಿ. ಎರಡರ ನಡುವೆ ಒಂದು ಸೊನ್ನೆಯ ಅಂತರ. ದುಷ್ಯಂತ ಜಿಂಕೆಯ ಬೆನ್ನು ಹತ್ತಿ ಬಂದು ಶಕುಂತಲೆಯನ್ನು ಕಂಡ. ಜಿಂಕೆಯನ್ನು ಕೊಲ್ಲಬೇಡ ಎಂದು ಆಶ್ರಮದವರು ತಡೆದರು. ಹುಡುಗಿಯ ವಿಷಯದಲ್ಲಿ ತಡೆಯುವವರು ಅಂದು ಊರಲ್ಲಿರಲಿಲ್ಲ. ದಶರಥ ಕತ್ತಲಲ್ಲಿ ಕೂತು, ನೀರಿಗೆ ಬಂದ ಪ್ರಾಣಿಯೆಂದು ಸಪ್ಪಳಕ್ಕೆ ಬಾಣ ಬಿಟ್ಟು, ಕುರುಡು ತಂದೆತಾಯಿಯ ಮಗನನ್ನು ಕೊಂದ. ಇನ್ನು ಬಂಗಾರದ ಜಿಂಕೆ ಬೇಕೆಂದ ಸೀತೆಯನ್ನು ಹರಿಕಥೆಯವರು ಇವತ್ತಿಗೂ ಬಿಡುವುದಿಲ್ಲ, ಹೆಣ್ಣಿನ ಆಸೆ ನೋಡಿರೆಂದು ನಮ್ಮ ಕಡೆಗೆ ತಿರುಗಿ ಹೇಳುತ್ತಾರೆ. ಶತಮಾನಗಟ್ಟಲೆ ಬೇಟೆಯಾಡಿದ ಅರಸರ ಆಸೆಗೆ ಶೌರ್ಯವೆಂದು ಹೆಸರು. ಒಂದೇ ಒಂದು ಸಲ ಜಿಂಕೆ ಕೇಳಿದವಳದು ಮಾತ್ರ ಆಸೆ.

ಇವೆಲ್ಲದರ ನಡುವೆ ನನಗೆ ಸಿಕ್ಕ ಸಮಾಧಾನ ತಮಿಳರ ವಳ್ಳಿ. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ ಬೇಡರ ಮನೆಯಲ್ಲಿ ಬೆಳೆದ ಹುಡುಗಿ. ಅವಳ ಕೆಲಸ ನವಣೆ ಹೊಲದ ಅಟ್ಟದ ಮೇಲೆ ಕೂತು, ಕವಣೆ ಬೀಸಿ, ಗಿಳಿ ಓಡಿಸುವುದು. ಮುರುಗ ಬೇಟೆಗಾರನ ವೇಷದಲ್ಲಿ ಅಲ್ಲಿಗೇ ಬರುತ್ತಾನೆ. ಹಳೆಯ ಸಂಗಂ ಕಾವ್ಯದ ಬೆಟ್ಟದ ಹಾಡುಗಳಲ್ಲಿಯೂ ಹೊಲ ಕಾಯುವ ಹುಡುಗಿಯರೇ ತುಂಬಿದ್ದಾರೆ. ಅಲ್ಲಿ ಬೇಟೆಗಾರ ಕೆಳಗೆ, ಹೆಣ್ಣು ಅಟ್ಟದ ಮೇಲೆ. ಅವಳು ಕೂತದ್ದು ಕೊಲ್ಲಲಿಕ್ಕಲ್ಲ, ಬೆಳೆ ಉಳಿಸಲಿಕ್ಕೆ. ಅದನ್ನು ಓದಿದಾಗ ನನಗೆ ಹಲಗೇರಿಯ ನಮ್ಮವ್ವ ಕಂಡಳು.

ನಮ್ಮ ಹೊಲದ ಆಚೆ ಬದಿಯ ಸೀಮೆಯಿಂದ ಚಿಗರಿಗಳು ಬರುತ್ತವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಆದದ್ದು 1974ರಲ್ಲಿ, ವಿಸ್ತಾರ 119 ಚದರ ಕಿಲೋಮೀಟರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕೃಷ್ಣಮೃಗವನ್ನು ಮುಟ್ಟುವ ಹಾಗಿಲ್ಲ. ಮೊದಲನೆಯ ಪಟ್ಟಿಯ ಪ್ರಾಣಿ. ಆಗಬೇಕಾದದ್ದೇ ಆಯಿತು. ಇಲ್ಲದಿದ್ದರೆ ಆ ಸುರುಳಿಕೋಡಿನ ಚೆಲುವನನ್ನು ಇಂದು ಕ್ಯಾಲೆಂಡರಿನಲ್ಲಿ ಮಾತ್ರ ನೋಡಬೇಕಿತ್ತು. ಆದರೆ ಬಯಲ ಹುಲ್ಲು ತಿಂದು ಬದುಕುವ ಪ್ರಾಣಿಯ ಸೀಮೆಯಲ್ಲಿ ನೀಲಗಿರಿ ನೆಟ್ಟರು. ನೀಲಗಿರಿಯ ಎಲೆ ಚಿಗರಿ ತಿನ್ನುವುದಿಲ್ಲ. ಎದುರಿಗೇ ಗೋವಿನಜೋಳದ ಎಳೆ ಸಸಿ ಹಸಿರಾಗಿ ನಿಂತಿರುವಾಗ ಅದೇನು ಉಪವಾಸ ಮಾಡೀತೇ? ಮುಂಜಾನೆ ಮತ್ತು ಸಂಜೆ ಚಿಗರಿ, ತೆನೆ ಹಾಲುಗಟ್ಟಿದ ಮೇಲೆ ರಾತ್ರಿ ಹಂದಿ. ಬಿತ್ತಿದಂದಿನಿಂದ ಮುರಿಯುವ ತನಕ ಕಾಯಲೇಬೇಕು.

ನಮ್ಮಪ್ಪನಿಗೆ ಉಬ್ಬಸ. ತಂಡಿ ಗಾಳಿ ತಾಗಿದರೆ ರಾತ್ರಿಯೆಲ್ಲ ಎದ್ದು ಕೂಡುತ್ತಿದ್ದ. ಹಾಗಾಗಿ ಅವ್ವನೇ ಅಟ್ಟ ಹತ್ತುತ್ತಿದ್ದಳು. ಆಗಿನ ಅಟ್ಟ ಎಂದರೆ ನಾಲ್ಕು ಜಾಲಿ ಕಂಬ, ಮೇಲೆ ಅಡ್ಡ ಕಟ್ಟಿಗೆ, ಸೊಪ್ಪೆಯ ಹೊದಿಕೆ. ಕಂಬಳಿ ಕೊಪ್ಪೆ, ಕಂದೀಲು, ಕವಣೆ, ಬಡಿಯಲು ಒಂದು ಎಣ್ಣೆಡಬ್ಬಿ. ಇವಿಷ್ಟೇ ಅವಳ ಸಾಮಾನು. ರೊಟ್ಟಿ ಬುತ್ತಿ ಒಯ್ಯುತ್ತಿದ್ದಳು, ನೀರು ಮಾತ್ರ ಒಯ್ಯುತ್ತಿರಲಿಲ್ಲ. ಹಗಲು ಹೊತ್ತೇರಿದ ಮೇಲೆ ಅವಳು ನೀರು ಕುಡಿಯುವುದನ್ನು ನಾನು ಕಂಡಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ. ನನಗೆ ಮಕ್ಕಳಾದ ಮೇಲೆ ಒಮ್ಮೆ ತಾನೇ ಹೇಳಿದಳು: "ನೀರ ಕುಡದ್ರ ನಡುರಾತ್ರಿ ಕೆಳಗ ಇಳಿಬೇಕಾಗತಿತ್ತವಾ. ಹಾವು ಹುಳ ಒಂದ ಕಡೆ, ಮಂದಿ ಒಂದ ಕಡೆ." ಮಚಾನಿನ ಎಲ್ಲ ಪುಸ್ತಕಗಳನ್ನೂ ಓದಿದವಳು ನಾನು. ಹುಲಿ ಯಾವ ದಿಕ್ಕಿನಿಂದ ಬರುತ್ತದೆ, ಗಾಳಿ ಯಾವ ಕಡೆ ಬೀಸಬೇಕು, ಚಂದ್ರ ಎಷ್ಟು ಹೊತ್ತಿಗೆ ಮೂಡುತ್ತಾನೆ ಎಲ್ಲ ಗೊತ್ತು. ಅಟ್ಟದ ಮೇಲಿನ ಹೆಂಗಸು ನೀರು ಕುಡಿಯುವುದಿಲ್ಲ ಎಂಬ ಒಂದು ಸಾಲು ಮಾತ್ರ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಹಾಗಾದರೆ ಸುಖ ಸೌಕರ್ಯವೇ ತಪ್ಪೇ? ಅಮೆರಿಕದ ಅಲ್ಡೊ ಲಿಯೊಪೋಲ್ಡ್ ಸ್ವತಃ ಬೇಟೆಗಾರ. ಕಾಡಿನ ಬಗೆಗೆ ಅಂತಃಕರಣದಿಂದ ಬರೆದವನು. ಅವನು ತೀರಿಕೊಂಡ ಮರುವರ್ಷ 1949ರಲ್ಲಿ ಪ್ರಕಟವಾದ ‘ಎ ಸ್ಯಾಂಡ್ ಕೌಂಟಿ ಅಲ್ಮನ್ಯಾಕ್’ ಪುಸ್ತಕದಲ್ಲಿ, ಅಂಗಡಿಯ ಸಲಕರಣೆಗಳನ್ನು ಮೈತುಂಬ ನೇತುಹಾಕಿಕೊಂಡ ಬೇಟೆಗಾರರನ್ನು ಕಂಡು ವ್ಯಥೆಪಟ್ಟಿದ್ದಾನೆ. ಬೇಟೆಗಾರನಿಗೆ ಚಪ್ಪಾಳೆ ತಟ್ಟುವವರೂ ಇಲ್ಲ, ತಪ್ಪು ಹಿಡಿಯುವವರೂ ಇಲ್ಲ. ಅವನ ಮನಸ್ಸಾಕ್ಷಿಯೇ ಅವನ ಪಂಚಾಯ್ತಿ ಎಂಬುದು ಅವನ ವಾದದ ತಿರುಳು. ಆ ಮಾತು ಟೆಕ್ಸಾಸಿನ ಗೂಡಿಗೆ ಸರಿಯಾಗಿ ತಗಲುತ್ತದೆ. ಕಾಳು ಚೆಲ್ಲುವುದು ಯಂತ್ರ, ಗಾಳಿ ಹಾಕುವುದು ಯಂತ್ರ, ಚಳಿ ಕಳೆಯುವುದು ಯಂತ್ರ. ಇನ್ನು ಮನುಷ್ಯನಿಗೆ ಉಳಿದದ್ದು ಒಂದು ಬೆರಳು. ಹಿಂದಿನ ಶಿಕಾರಿ ಕಥೆಯಲ್ಲಿ ಮರ್ಯಾದೆಯ ಒಂದು ಅಂಶವಿತ್ತು. ಕೂತವನ ಮೈಗೂ ಚಳಿ ಕೊರೆಯುತ್ತಿತ್ತು, ಜೀವಭಯ ಎರಡೂ ಕಡೆ ಇತ್ತು. ಮೆತ್ತೆಯ ಕುರ್ಚಿ ಬಂದ ದಿನ ಆ ಕಥೆ ಸತ್ತಿತು. ಅಲ್ಲಿಂದ ಮುಂದೆ ಕಥೆ ಬರೆಯಲು ಏನೂ ಇಲ್ಲ.

ಆದರೆ ಲಿಯೊಪೋಲ್ಡನ ತಕ್ಕಡಿಯಲ್ಲಿ ನಮ್ಮವ್ವನ ಅಟ್ಟವನ್ನು ತೂಗಬಾರದು. ಅವಳು ಆಟಕ್ಕೆ ಹೋದವಳಲ್ಲ. ಕಾವಲುಗಾರ್ತಿಗೆ ಬೆಳಕು ಸಿಕ್ಕರೆ ಆಟದ ನಿಯಮ ಕೆಡುವುದಿಲ್ಲ, ಹಾವು ಕಾಣುತ್ತದೆ. ಬೇಲಿಯ ಮಾತೂ ಹೀಗೆಯೇ. ಮನೆಯ ಲೈನಿನಿಂದ ಕರೆಂಟು ಎಳೆದು ತಂತಿಗೆ ಕೊಟ್ಟು ಪ್ರಾಣಿಗಳನ್ನೂ ತಮ್ಮನ್ನೂ ಕೊಂದುಕೊಂಡವರಿದ್ದಾರೆ. ಅದು ಅಪರಾಧವೂ ಹೌದು. ಸೋಲಾರ್ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಕಣ್ಣುಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಒಂದು ಚುರುಕು ಕೊಟ್ಟು ಬಿಡುತ್ತದೆ. ಚಿಗರಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಅದೇ ಸೂರ್ಯ, ಅದೇ ಫಲಕ. ಒಂದು ಕಡೆ ಕೊಲ್ಲುವವನ ಬೆನ್ನಿಗೆ ಮೆತ್ತೆಯಾಗುತ್ತದೆ, ಇನ್ನೊಂದು ಕಡೆ ಕೊಲ್ಲದೆ ಉಳಿಯುವ ದಾರಿಯಾಗುತ್ತದೆ. ಆದ್ದರಿಂದ ನಾನು ಕೇಳಬೇಕಾದದ್ದು ಸುಖ ಎಷ್ಟು ಎಂದಲ್ಲ, ಅದು ಯಾರಿಗೆ ಎಂದು.

ಆ ಪ್ರಶ್ನೆಯನ್ನು ತಮ್ಮನ ಹೊಸ ಅಟ್ಟಕ್ಕೂ ಕೇಳಿದೆ. ನಾನು ಹತ್ತಿದ ಹೊತ್ತು ಬೆಳಿಗ್ಗೆ ಹನ್ನೊಂದು. ಮೋಡ ಸರಿದು ಬಿಸಿಲು ಬಿದ್ದಿತ್ತು, ತಗಡು ಕಾದು ಒಳಗೆ ಹಂಚಿನ ಮೇಲೆ ಕೂತ ಹಾಗಿತ್ತು. ತಮ್ಮನ ಹೆಂಡತಿ ಮುಂಜಾನೆ ಆರರಿಂದ ಅಲ್ಲೇ ಇದ್ದಳು. ಹಗಲಿನ ಕಾವಲು ಅವಳದು, ರಾತ್ರಿಯದು ಅವನದು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ತಲೆಯ ಮೇಲೆ ಫ್ಯಾನು ಸುಮ್ಮನೆ ತೂಗುತ್ತಿತ್ತು.

"ಯಾಕ, ಕೆಟ್ಟೈತೇನು?" ಎಂದೆ.

"ಇಲ್ಲರೀ ಅಕ್ಕಾರ. ಹಗಲು ಹಚ್ಚಬ್ಯಾಡ ಅಂದಾರ. ಬ್ಯಾಟರಿ ತುಂಬಬೇಕಲ್ಲರೀ, ರಾತ್ರಿಗೆ."

ನಾನು ತಮ್ಮನ ಮುಖ ನೋಡಿದೆ. ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಪ್ರೀತಿಯೂ ಇದೆ. ಅವನ ಮನಸ್ಸಿನಲ್ಲಿ ಕಾವಲು ಅಂದರೆ ರಾತ್ರಿಯ ಕಾವಲು, ಗಂಡಸಿನ ಕಾವಲು. ಹಗಲು ಅವಳು ಕೂತದ್ದು ಸುಮ್ಮನೆ ಕೂತ ಹಾಗೆ. ಆಂಡರ್ಸನ್ನನ ಕಥೆಯಲ್ಲಿ ಮಂಚ ಕೊಟ್ಟವಳಂತೆ ಇವಳೂ ಟಾರ್ಚಿನ ಬೆಳಕಿನ ಆಚೆ ಕೂತಿದ್ದಳು. ಪುಸ್ತಕದ ತಪ್ಪು ಪುಸ್ತಕದಲ್ಲಿಯೇ ಉಳಿಯುವುದಿಲ್ಲ ನೋಡಿ.

ಅವನ ಲೆಕ್ಕವೂ ತಪ್ಪು. 40 ವಾಟಿನ ಫಲಕ, 15 ವಾಟಿನ ಫ್ಯಾನು. ಬಿಸಿಲು ನೆತ್ತಿಗೆ ಬಂದಾಗ ಫಲಕ ಕೊಡುವುದರಲ್ಲಿ ಅರ್ಧದಷ್ಟನ್ನು ಫ್ಯಾನು ತಿಂದರೂ ಉಳಿದರ್ಧ ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ತುಂಬಿದ ಮೇಲಂತೂ ಬರುವ ಬಿಸಿಲೆಲ್ಲ ದಂಡ. ಮೋಡದ ದಿನ ಹಚ್ಚಬಾರದು, ಸರಿ. ಅಂಥ ದಿನ ತಗಡೂ ಅಷ್ಟು ಕಾಯುವುದಿಲ್ಲ. ಇಷ್ಟನ್ನು ಹೇಳಿ ಸ್ವಿಚ್ಚು ಒತ್ತಿದೆ. ಏಣಿಯ ಮೆಟ್ಟಿಲುಗಳ ನಡುವಿನ ಅಂತರ ಸೀರೆ ಉಟ್ಟವರ ಕಾಲಿಗೆ ಎಟಕುವುದಿಲ್ಲ ಎಂದೂ, ಗೂಡಿನ ಕೆಳಗೆ ಮೂರು ಕಡೆ ತಗಡು ಮರೆ ಮಾಡಿದರೆ ನೀರು ಕುಡಿಯಲು ಹೆದರಬೇಕಾಗಿಲ್ಲ ಎಂದೂ ಹೇಳಿದೆ. "ಅಕ್ಕಾ, ನೀ ಪುಸ್ತಕ ಓದಿ ಓದಿ ಎಲ್ಲಾದ್ರಾಗೂ ತಪ್ಪು ಹುಡುಕತಿ" ಎಂದು ನಕ್ಕ. ದೀಪಾವಳಿಗೆ ಹೋದಾಗ ನೋಡಿದರೆ ಏಣಿಗೆ ಮೂರು ಹೊಸ ಮೆಟ್ಟಿಲು ಬೆಸುಗೆಯಾಗಿದ್ದವು. ತಗಡಿನ ಮರೆ ಇನ್ನೂ ಆಗಿರಲಿಲ್ಲ. ಫ್ಯಾನಿನ ವಿಷಯ ತಮ್ಮನ ಹೆಂಡತಿಯನ್ನು ಕೇಳಿದೆ. "ಅವರು ಪ್ಯಾಟಿಗೆ ಹ್ವಾದಾಗ ಹಚ್ಚತೀನ್ರೀ" ಎಂದು ಸಣ್ಣಗೆ ನಕ್ಕಳು.

ಅವ್ವನಿಗೆ ಈಗ ಮೊಣಕಾಲು ನೋವು, ಅಟ್ಟ ಹತ್ತುವುದಿಲ್ಲ. ಆದರೂ ಹೊಲದ ಕಾವಲು ಬಿಟ್ಟಿಲ್ಲ ಅನ್ನಬೇಕು. ನಮ್ಮ ಕಡೆ ಹೊಲದ ಸುತ್ತ ಗೂಟ ನೆಟ್ಟು ಹಳೆಯ ಸೀರೆಗಳನ್ನು ಬೇಲಿಯಾಗಿ ಕಟ್ಟುತ್ತಾರೆ. ಗಾಳಿಗೆ ಪಟಪಟ ಬಡಿದುಕೊಂಡಾಗ ಚಿಗರಿ ಮನುಷ್ಯರಿದ್ದಾರೆಂದು ಹೆದರುತ್ತದೆ. ಆ ಸಂಜೆ ಅಟ್ಟದ ಮೇಲಿಂದ ನೋಡಿದೆ. ಬಡಗಣ ಬದುವಿನ ಉದ್ದಕ್ಕೂ ಅವ್ವನ ಸೀರೆಗಳು. ಹಸಿರು ದಡಿಯದು ನನ್ನ ಬಾಣಂತನಕ್ಕೆ ಬಂದಾಗ ಉಟ್ಟದ್ದು. ಕಂದುಬಣ್ಣದ್ದು ಅಪ್ಪ ಹೋದ ವರ್ಷ ತಂದದ್ದು. ಆಚೆ ನೀಲಗಿರಿಯ ಅಂಚಿನಲ್ಲಿ ಏಳೆಂಟು ಚಿಗರಿ ತಲೆಯೆತ್ತಿ ಇತ್ತಲೇ ನೋಡುತ್ತಿದ್ದವು. ಗಾಳಿ ಬಂತು, ಸೀರೆಗಳು ಎದ್ದವು. ಚಿಗರಿಗಳು ಒಂದೊಂದಾಗಿ ನೆಗೆದು ಹಿಂದಕ್ಕೆ ಹೋದವು. ಯಾರೂ ಯಾರನ್ನೂ ಕೊಲ್ಲಲಿಲ್ಲ.